ಖಾಲಿಯಾದ ಸ್ಥಾನ ಯಾರದು?

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ. ಮಾತಿನಲ್ಲಿ ಸಹಜವಾಗಿ ಬಂದ ಪುನರುಕ್ತಿಗಳನ್ನು ತೆಗೆದಿದ್ದೇನೆ. ಸಭಿಕರು ಕೇಳಿದ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳು ಕೊನೆಯಲ್ಲಿವೆ.)

ಎಲ್ಲರಿಗೂ ನಮಸ್ಕಾರ.

2020ರ ಸೆಪ್ಟೆಂಬರ್ 23. ಕೋವಿಡ್ ಹಾವಳಿಯ ನಡುವೆಯೇ ಸೇರಿದ್ದ ಸಂಸತ್ತಿನ ಮಳೆಗಾಲದ ಅಧಿವೇಶನ ನಿಗದಿತ ದಿನಕ್ಕಿಂತ ಮೊದಲೇ ಮುಗಿದು, ಲೋಕಸಭೆಯನ್ನು ಅನಿರ್ದಿಷ್ಟ ಕಾಲ ಮುಂದೂಡಿದ ದಿನ. ಅದೇ ದಿನ ಬೆಳಗಾವಿಯ ಸಂಸದ, ರೈಲ್ವೆ ಖಾತೆಯ ರಾಜ್ಯ ಸಚಿವ ಸುರೇಶ ಅಂಗಡಿ ದೆಹಲಿಯ ಏಮ್ಸ್ ಆಸ್ಪತ್ರೆಯಲ್ಲಿ ಕೋವಿಡ್‌ನಿಂದ ತೀರಿಕೊಂಡರು. 2004ರಿಂದ ಸತತ ನಾಲ್ಕು ಬಾರಿ ಬೆಳಗಾವಿಯಿಂದ ಗೆದ್ದಿದ್ದವರು ಅವರು. ಸೋಂಕಿನ ನಿಯಮಗಳ ಕಾರಣ ಪಾರ್ಥಿವ ಶರೀರ ಊರಿಗೆ ಬರಲಿಲ್ಲ. ದೆಹಲಿಯ ದ್ವಾರಕಾದಲ್ಲಿ ಲಿಂಗಾಯತ ಪದ್ಧತಿಯಂತೆ ಅಂತ್ಯಕ್ರಿಯೆ ನಡೆಯಿತು. ಹದಿನಾರು ವರ್ಷ ಓಟು ಹಾಕಿ ಕಳಿಸಿದ ಜನಕ್ಕೆ ಅಂತಿಮ ದರ್ಶನವೂ ಸಿಗಲಿಲ್ಲ.

ಅಂದು ತೆರವಾದ ಆ ಸ್ಥಾನ ತುಂಬಿದ್ದು 2021ರ ಮೇ 2ರಂದು. ಅಂದರೆ ಏಳು ತಿಂಗಳ ಮೇಲೆ ಒಂಬತ್ತು ದಿನ. ಅಷ್ಟೂ ಕಾಲ ಅರಭಾವಿ, ಗೋಕಾಕ, ಬೆಳಗಾವಿ ಉತ್ತರ, ಬೆಳಗಾವಿ ದಕ್ಷಿಣ, ಬೆಳಗಾವಿ ಗ್ರಾಮೀಣ, ಬೈಲಹೊಂಗಲ, ಸವದತ್ತಿ, ರಾಮದುರ್ಗ ಎಂಬ ಎಂಟು ವಿಧಾನಸಭಾ ಕ್ಷೇತ್ರಗಳ ಸುಮಾರು 18 ಲಕ್ಷ ಮತದಾರರ ಪರವಾಗಿ ಲೋಕಸಭೆಯಲ್ಲಿ ಎದ್ದು ನಿಲ್ಲುವವರು ಯಾರೂ ಇರಲಿಲ್ಲ. ಇಂದು ನಾನು ಮಾತನಾಡಬೇಕೆಂದಿರುವುದು ಈ ಏಳು ತಿಂಗಳ ಬಗ್ಗೆ. ಹಾಲಿ ಸದಸ್ಯರು ತೀರಿಕೊಂಡಾಗ ನಡೆಯುವ ಉಪಚುನಾವಣೆಯ ಬಗ್ಗೆ ನಮ್ಮಲ್ಲಿ ಚರ್ಚೆಯಾಗುವುದೆಲ್ಲ ಟಿಕೆಟ್ ಯಾರಿಗೆ, ಅನುಕಂಪ ಎಷ್ಟು ಕೆಲಸ ಮಾಡುತ್ತದೆ ಎಂಬುದೇ. ಜನರ ಪ್ರತಿನಿಧಿತ್ವ ಎಷ್ಟು ದಿನ ಇಲ್ಲವಾಗಿತ್ತು, ಯಾಕೆ ಇಲ್ಲವಾಗಿತ್ತು ಎಂದು ಕೇಳುವವರು ಬಹಳ ಕಡಿಮೆ. ನನಗೆ ಮಾತ್ರ ಅದೇ ಮುಖ್ಯ ಪ್ರಶ್ನೆ.

ಮೊದಲು ಒಂದಿಷ್ಟು ಇತಿಹಾಸ. ಬೆಳಗಾವಿಗೆ ಇದು ಮೊದಲ ಅನುಭವವಲ್ಲ. 1952ರಿಂದ ಆ ಭಾಗದ ಸಂಸದರಾಗಿದ್ದ ಬಲವಂತರಾವ್ ದಾತಾರ್ ಕೇಂದ್ರದಲ್ಲಿ ಗೃಹ ಖಾತೆಯ ರಾಜ್ಯ ಸಚಿವರಾಗಿದ್ದಾಗಲೇ 1963ರಲ್ಲಿ ತೀರಿಕೊಂಡರು. ಆಗಲೂ ಉಪಚುನಾವಣೆ ನಡೆದು ಎಚ್.ವಿ. ಕೌಜಲಗಿ ಆರಿಸಿಬಂದರು. ಒಂದೇ ಕ್ಷೇತ್ರ ಕೇಂದ್ರ ಸಚಿವರಾಗಿದ್ದ ತನ್ನ ಇಬ್ಬರು ಸಂಸದರನ್ನು ಅಧಿಕಾರದಲ್ಲಿರುವಾಗಲೇ ಕಳೆದುಕೊಂಡಿದೆ. ಕರ್ನಾಟಕದ ಬೇರೆ ಕಡೆಯೂ ಇಂಥ ಪ್ರಸಂಗಗಳಿವೆ. ಬೀದರ್‌ನ ಹಿರಿಯ ಸಂಸದ ರಾಮಚಂದ್ರ ವೀರಪ್ಪ 2004ರ ಮೇ ತಿಂಗಳಲ್ಲಿ ಗೆದ್ದು ಜುಲೈನಲ್ಲಿ ತೀರಿಕೊಂಡರು. ಅದೇ ವರ್ಷ ನಡೆದ ಉಪಚುನಾವಣೆಯಲ್ಲಿ ಕಾಂಗ್ರೆಸ್ಸಿನ ನರಸಿಂಗರಾವ್ ಸೂರ್ಯವಂಶಿ ಗೆದ್ದು, ಸ್ಥಾನ ಬಿಜೆಪಿಯ ಕೈತಪ್ಪಿತು.

ಈಗ ಕಾನೂನಿಗೆ ಬರೋಣ. 1951ರ ಜನಪ್ರತಿನಿಧಿ ಕಾಯ್ದೆಯ 149ನೇ ಸೆಕ್ಷನ್ ಪ್ರಕಾರ, ಲೋಕಸಭೆಯಲ್ಲಿ ಸ್ಥಾನ ತೆರವಾದರೆ ಅದನ್ನು ತುಂಬಲು ಕ್ಷೇತ್ರಕ್ಕೆ ಕರೆ ಕೊಡುವುದು ಚುನಾವಣಾ ಆಯೋಗದ ಕರ್ತವ್ಯ. ಆದರೆ ಎಷ್ಟು ದಿನದೊಳಗೆ ಎಂಬುದನ್ನು ಕಾಯ್ದೆ ಬಹಳ ಕಾಲ ಹೇಳಿರಲೇ ಇಲ್ಲ. ಅದರ ಪರಿಣಾಮವನ್ನು ಅಮೇಠಿಯಲ್ಲಿ ನೋಡಬಹುದು. ಸಂಜಯ್ ಗಾಂಧಿ ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದು 1980ರ ಜೂನ್ 23ರಂದು. ರಾಜೀವ್ ಗಾಂಧಿ ಅಲ್ಲಿಂದ ಆರಿಸಿಬಂದ ಉಪಚುನಾವಣೆ ನಡೆದದ್ದು 1981ರ ಜೂನ್‌ನಲ್ಲಿ. ಹೆಚ್ಚುಕಡಿಮೆ ಒಂದು ವರ್ಷ ಆ ಕ್ಷೇತ್ರಕ್ಕೆ ಸಂಸದರಿರಲಿಲ್ಲ, ಕಾನೂನಿನ ದೃಷ್ಟಿಯಲ್ಲಿ ಅದರಲ್ಲಿ ತಪ್ಪೂ ಇರಲಿಲ್ಲ.

ಈ ಕೊರತೆ ನೀಗಿದ್ದು 1996ರಲ್ಲಿ. ಆ ವರ್ಷ ಕಾಯ್ದೆಗೆ ತಿದ್ದುಪಡಿ ತಂದು 151ಎ ಎಂಬ ಸೆಕ್ಷನ್ ಸೇರಿಸಿದರು. ಸ್ಥಾನ ತೆರವಾದ ದಿನದಿಂದ ಆರು ತಿಂಗಳೊಳಗೆ ಉಪಚುನಾವಣೆ ನಡೆಯಲೇಬೇಕು ಎಂಬುದು ಅದರ ಸಾರ. ವಿನಾಯಿತಿ ಎರಡೇ. ತೆರವಾದ ಸದಸ್ಯನ ಉಳಿದ ಅವಧಿ ಒಂದು ವರ್ಷಕ್ಕಿಂತ ಕಡಿಮೆಯಿದ್ದರೆ ಈ ಗಡುವು ಅನ್ವಯಿಸುವುದಿಲ್ಲ. ಆರು ತಿಂಗಳೊಳಗೆ ಚುನಾವಣೆ ನಡೆಸುವುದು ಕಷ್ಟ ಎಂದು ಕೇಂದ್ರ ಸರ್ಕಾರದೊಂದಿಗೆ ಸಮಾಲೋಚಿಸಿ ಆಯೋಗ ಪ್ರಮಾಣೀಕರಿಸಿದರೂ ಅನ್ವಯಿಸುವುದಿಲ್ಲ. ಈ ಎರಡನೇ ವಿನಾಯಿತಿಯನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಕಷ್ಟ ಎಂದರೆ ಎಂಥ ಕಷ್ಟ, ಎಷ್ಟು ಕಷ್ಟ ಎಂದು ಆ ಸೆಕ್ಷನ್ ಹೇಳುವುದಿಲ್ಲ. ಪ್ರಮಾಣಪತ್ರವನ್ನು ಜನರ ಮುಂದೆ ಇಡಬೇಕೆಂದೂ ಹೇಳುವುದಿಲ್ಲ.

ಈ ಅಳತೆಗೋಲು ಹಿಡಿದು ಬೆಳಗಾವಿಯ ದಿನಾಂಕಗಳನ್ನು ನೋಡಿ. ಸೆಪ್ಟೆಂಬರ್ 23ಕ್ಕೆ ಆರು ತಿಂಗಳು ಸೇರಿಸಿದರೆ ಮಾರ್ಚ್ 23. ಆಯೋಗ ವೇಳಾಪಟ್ಟಿ ಪ್ರಕಟಿಸಿದ್ದು ಮಾರ್ಚ್ 16ರಂದು. ಚುನಾವಣೆಯ ಅಧಿಸೂಚನೆ ಹೊರಬಿದ್ದದ್ದು ಸರಿಯಾಗಿ ಮಾರ್ಚ್ 23ರಂದು. ಚುನಾವಣೆಯೇ ಮುಗಿದಿರಬೇಕಾಗಿದ್ದ ದಿನ ಬೆಳಗಾವಿಯಲ್ಲಿ ಅದರ ಮೊದಲ ಕಾಗದ ಹೊರಬಂತು. ನಾಮಪತ್ರಕ್ಕೆ ಮಾರ್ಚ್ 30 ಕೊನೆಯ ದಿನ, 31ರಂದು ಪರಿಶೀಲನೆ, ಹಿಂತೆಗೆದುಕೊಳ್ಳಲು ಏಪ್ರಿಲ್ 3, ಮತದಾನ ಏಪ್ರಿಲ್ 17, ಎಣಿಕೆ ಮೇ 2. ನಾಮಪತ್ರ ಹಿಂತೆಗೆತ ಮುಗಿದ ಮೇಲೆ ಪ್ರಚಾರಕ್ಕೆ ಕಾನೂನು ಕೊಡುವ ಕನಿಷ್ಠ ಕಾಲಾವಕಾಶ ಹದಿನಾಲ್ಕು ದಿನ; ಬೆಳಗಾವಿಗೆ ಸಿಕ್ಕಿದ್ದೂ ಅಷ್ಟೇ. ಅಧಿಸೂಚನೆಯಿಂದ ಮತದಾನದವರೆಗೆ ಇಡೀ ಪ್ರಕ್ರಿಯೆಗೆ ಬೇಕಾದದ್ದು ಇಪ್ಪತ್ತೈದು ದಿನ. ಅಷ್ಟರಲ್ಲಿ ಮುಗಿಯುವ ಕೆಲಸ ಶುರುವಾಗಲು ಆರು ತಿಂಗಳು ಹಿಡಿಯಿತು.

ಕೋವಿಡ್ ಇತ್ತಲ್ಲವೇ ಎಂದು ನೀವು ಕೇಳಬಹುದು. ಇತ್ತು, ನಿಜ. ಆದರೆ ಅದೇ ಕಾಲದಲ್ಲಿ ನಮ್ಮ ರಾಜ್ಯದಲ್ಲೇ ಏನು ನಡೆಯಿತು ನೋಡಿ. ಶಿರಾದ ಶಾಸಕ ಬಿ. ಸತ್ಯನಾರಾಯಣ 2020ರ ಆಗಸ್ಟ್ ಮೊದಲ ವಾರ ತೀರಿಕೊಂಡರು. ನವೆಂಬರ್ 3ರಂದು ಅಲ್ಲಿ ಮತದಾನ ನಡೆಯಿತು. ಬಿಹಾರದಲ್ಲಿ ಇಡೀ ವಿಧಾನಸಭಾ ಚುನಾವಣೆಯೇ ಆ ವರ್ಷ ಅಕ್ಟೋಬರ್–ನವೆಂಬರ್‌ನಲ್ಲಿ ನಡೆಯಿತು. ಅದರ ಜೊತೆಗೇ, ಸಂಸದ ಬೈದ್ಯನಾಥ ಪ್ರಸಾದ್ ಮಹತೊ ಅವರ ಸಾವಿನಿಂದ ತೆರವಾಗಿದ್ದ ವಾಲ್ಮೀಕಿ ನಗರ ಲೋಕಸಭಾ ಕ್ಷೇತ್ರದ ಉಪಚುನಾವಣೆಯೂ ನಡೆಯಿತು. ಕರ್ನಾಟಕದ ರಾಜ್ಯಸಭಾ ಸದಸ್ಯ ಅಶೋಕ ಗಸ್ತಿ ಅವರೂ ಕೋವಿಡ್‌ಗೆ ಬಲಿಯಾದರು, ಅಂಗಡಿಯವರಿಗಿಂತ ಆರು ದಿನ ಮೊದಲು. ಆ ಸ್ಥಾನಕ್ಕೆ ಕೆ. ನಾರಾಯಣ ನವೆಂಬರ್‌ನಲ್ಲೇ ಅವಿರೋಧವಾಗಿ ಆಯ್ಕೆಯಾದರು. ಅಲ್ಲಿ ಮತದಾರರು ಶಾಸಕರು, ಎಣಿಕೆಗೆ ಸಿಗುವಷ್ಟು ಮಂದಿ, ಆದ್ದರಿಂದ ಹೋಲಿಕೆ ಪೂರ್ತಿ ನ್ಯಾಯವಲ್ಲ ಎಂದು ಒಪ್ಪುತ್ತೇನೆ. ಶಿರಾದ ಹೋಲಿಕೆ ಮಾತ್ರ ನ್ಯಾಯವಾದದ್ದೇ.

ಕಾದದ್ದರಿಂದ ಜನರ ಆರೋಗ್ಯಕ್ಕಾದರೂ ಒಳಿತಾಯಿತೇ? ಅದೂ ಇಲ್ಲ. ಸೋಂಕು ಇಳಿದಿದ್ದ ಡಿಸೆಂಬರ್, ಜನವರಿ, ಫೆಬ್ರುವರಿ ಹಾಗೆಯೇ ಕಳೆದುಹೋದವು. ಮತದಾನ ಬಂದದ್ದು ಎರಡನೇ ಅಲೆ ಏರುತ್ತಿದ್ದ ಏಪ್ರಿಲ್ ಮಧ್ಯದಲ್ಲಿ. ಬೆಳಗಾವಿಯಲ್ಲಿ ಪ್ರಚಾರ ಮಾಡಿ ಹೋಗಿದ್ದ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಅವರಿಗೆ ಮತದಾನದ ಹಿಂದಿನ ದಿನ ಸೋಂಕು ದೃಢಪಟ್ಟಿತು. ಒಬ್ಬ ಸಂಸದರನ್ನು ಕೊಂಡೊಯ್ದ ರೋಗದ ಉಬ್ಬರದಲ್ಲೇ ಅವರ ಜಾಗಕ್ಕೆ ಇನ್ನೊಬ್ಬರನ್ನು ಆರಿಸಲು ಜನ ಸಾಲುಗಟ್ಟಿ ನಿಲ್ಲಬೇಕಾಯಿತು. ನನಗೆ ಇದು ಇಂದಿಗೂ ಸಂಕಟದ ಸಂಗತಿ. ಗಡುವು ಮೀರಲು ಕಾನೂನಿನಲ್ಲಿರುವ ದಾರಿ ಆ ಎರಡನೇ ವಿನಾಯಿತಿ ಒಂದೇ. ಆ ದಾರಿ ಹಿಡಿಯುವಾಗ ಜನರಿಗೆ ಕಾರಣವನ್ನು ಬಿಡಿಸಿ ಹೇಳುವ ಜವಾಬ್ದಾರಿ ಇದೆ ಎಂದು ಯಾರಿಗೂ ಅನ್ನಿಸಲಿಲ್ಲ.

ಸಂಸದರಿಲ್ಲದಿದ್ದರೆ ಏನಾಗುತ್ತದೆ, ಆಡಳಿತ ನಡೆಯುವುದಿಲ್ಲವೇ ಎಂದು ಕೆಲವರು ಕೇಳುತ್ತಾರೆ. ಜಿಲ್ಲಾಧಿಕಾರಿ ಇರುತ್ತಾರೆ, ಶಾಸಕರು ಇರುತ್ತಾರೆ, ಕಚೇರಿಗಳು ತೆರೆದಿರುತ್ತವೆ. ಆದರೆ ಆ ಏಳು ತಿಂಗಳಲ್ಲಿ ದೆಹಲಿಯಲ್ಲಿ ನಡೆದದ್ದನ್ನು ನೆನೆಯಿರಿ. 2020ರ ಚಳಿಗಾಲದ ಅಧಿವೇಶನ ನಡೆಯಲೇ ಇಲ್ಲ, ಅದು ಬೇರೆ ಮಾತು. 2021ರ ಬಜೆಟ್ ಅಧಿವೇಶನ ಜನವರಿ 29ರಿಂದ ಮಾರ್ಚ್ 25ರವರೆಗೆ ನಡೆಯಿತು. ರೈಲ್ವೆಯ ಬೇಡಿಕೆಗಳ ಮೇಲೆ ಚರ್ಚೆಯಾಯಿತು. ಕಿತ್ತೂರು ಮಾರ್ಗವಾಗಿ ಬೆಳಗಾವಿ–ಧಾರವಾಡ ನಡುವೆ ಹೊಸ ರೈಲು ಮಾರ್ಗ ಅಂಗಡಿಯವರು ಬೆನ್ನು ಹತ್ತಿದ್ದ ಯೋಜನೆ. ಅದರ ಭೂಸ್ವಾಧೀನ, ಹಣ, ರಾಜ್ಯದ ಪಾಲು ಇವುಗಳ ಬಗ್ಗೆ ಎದ್ದು ಕೇಳಬೇಕಾದ ಕ್ಷೇತ್ರದ ಪ್ರತಿನಿಧಿಯೇ ಸದನದಲ್ಲಿರಲಿಲ್ಲ. ಮಲಪ್ರಭೆಗೆ ಮಹದಾಯಿ ನೀರು ತರುವ ವಿಚಾರವೂ ಹಾಗೆಯೇ. ಸವದತ್ತಿ, ರಾಮದುರ್ಗದ ರೈತರಿಗೆ ಅದಕ್ಕಿಂತ ದೊಡ್ಡ ವಿಷಯವಿಲ್ಲ. ಶಾಸಕರು ಬೆಂಗಳೂರಿನಲ್ಲಿ ಕೇಳಬಹುದು. ಅಂತರರಾಜ್ಯ ನದಿಯ ವಿಷಯವನ್ನು ಲೋಕಸಭೆಯಲ್ಲಿ ಕೇಳುವುದು ಸಂಸದರಿಗಷ್ಟೇ ಸಾಧ್ಯ. ಕೇಂದ್ರದ ಯೋಜನೆಗಳು ಜಿಲ್ಲೆಯಲ್ಲಿ ಹೇಗೆ ಸಾಗುತ್ತಿವೆ ಎಂದು ಪರಿಶೀಲಿಸುವ ದಿಶಾ ಸಮಿತಿಗೂ ಸಂಸದರೇ ಅಧ್ಯಕ್ಷರು. ಸಂಸದರ ನಿಧಿಯ ಮಾತು ಇಲ್ಲಿ ಬರುವುದಿಲ್ಲ, ಆ ವರ್ಷ ಎಲ್ಲ ಸಂಸದರ ನಿಧಿಯನ್ನೂ ಕೇಂದ್ರ ತಡೆಹಿಡಿದಿತ್ತು.

ಈಗ ಅನುಕಂಪದ ವಿಷಯ. ಹಾಲಿ ಸದಸ್ಯರು ತೀರಿಕೊಂಡ ಕೂಡಲೇ ಪಕ್ಷಗಳ ಕಚೇರಿಯಲ್ಲಿ ಮೊದಲು ಎದ್ದುಬರುವ ಹೆಸರು ಪತ್ನಿಯದು, ಆಮೇಲೆ ಮಗನದು. ಅನುಕಂಪದ ಅಲೆ ಎಂಬ ಮಾತನ್ನು ನಾವು ಎಷ್ಟು ಸಲೀಸಾಗಿ ಬಳಸುತ್ತೇವೆ ಎಂದರೆ, ಮತದಾರರು ಕಣ್ಣೀರು ಒರೆಸಿಕೊಂಡು ಹೋಗಿ ಗುಂಡಿ ಒತ್ತಿ ಬರುತ್ತಾರೆ ಎಂದೇ ನಂಬಿಬಿಟ್ಟಿದ್ದೇವೆ. ಅಂಕಿಗಳನ್ನು ಮುಂದಿಟ್ಟುಕೊಂಡರೆ ಈ ನಂಬಿಕೆ ನಿಲ್ಲುವುದಿಲ್ಲ.

2019ರಲ್ಲಿ ಸುರೇಶ ಅಂಗಡಿ ಗೆದ್ದ ಅಂತರ 3,91,304 ಮತ. ಅವರಿಗೆ ಬಿದ್ದದ್ದು 7.6 ಲಕ್ಷಕ್ಕೂ ಹೆಚ್ಚು. 2021ರ ಉಪಚುನಾವಣೆಯಲ್ಲಿ ಅವರ ಪತ್ನಿ ಮಂಗಲಾ ಅಂಗಡಿ ಬಿಜೆಪಿಯಿಂದ ನಿಂತರು. ಕಾಂಗ್ರೆಸ್ ಸತೀಶ ಜಾರಕಿಹೊಳಿ ಅವರನ್ನು ನಿಲ್ಲಿಸಿತು. ಮಹಾರಾಷ್ಟ್ರ ಏಕೀಕರಣ ಸಮಿತಿಯ ಬೆಂಬಲದೊಂದಿಗೆ ಶುಭಂ ಶೆಳಕೆ ಕಣಕ್ಕಿಳಿದರು. ಎಣಿಕೆಯ ದಿನ ಮುನ್ನಡೆ ಅತ್ತಿಂದಿತ್ತ ಹೊರಳಾಡಿ, ಕೊನೆಗೆ ಮಂಗಲಾ ಅಂಗಡಿ 5,240 ಮತಗಳಿಂದ ಗೆದ್ದರು. ಅವರಿಗೆ 4.4 ಲಕ್ಷ, ಜಾರಕಿಹೊಳಿಯವರಿಗೆ 4.35 ಲಕ್ಷ, ಶೆಳಕೆಯವರಿಗೆ ಒಂದು ಲಕ್ಷಕ್ಕೂ ಮೀರಿ ಮತ ಬಂದಿದ್ದವು. ಊರಿಗೆ ಮರಳದೆ ದೂರದ ದೆಹಲಿಯಲ್ಲಿ ಮಣ್ಣಾದ ನಾಯಕ, ಪತ್ನಿಯೇ ಅಭ್ಯರ್ಥಿ, ಕೇಂದ್ರದಲ್ಲೂ ರಾಜ್ಯದಲ್ಲೂ ಅದೇ ಪಕ್ಷದ ಸರ್ಕಾರ. ಇಷ್ಟಿದ್ದೂ ಅಂತರ ಸುಮಾರು ನಾಲ್ಕು ಲಕ್ಷದಿಂದ ಐದು ಸಾವಿರಕ್ಕೆ ಕುಸಿಯಿತು. ಮತದಾನ ಪ್ರಮಾಣವೂ ಇಳಿದಿತ್ತು, ಮರಾಠಿ ಮತಗಳು ಬೇರೆ ಕಡೆ ಹೋಗಿದ್ದವು, ಎದುರಾಳಿಯೂ ಜಿಲ್ಲೆಯಲ್ಲಿ ಬೇರು ಬಿಟ್ಟ ನಾಯಕ. ಈ ಕಾರಣಗಳಲ್ಲಿ ಯಾವುದಕ್ಕೆ ಎಷ್ಟು ತೂಕ ಎಂಬ ವಾದ ಮುಗಿಯುವಂಥದ್ದಲ್ಲ. ಒಂದಂತೂ ನಿಜ: ಬೆಳಗಾವಿಯ ಜನ ಶೋಕವನ್ನೂ ಓಟನ್ನೂ ಬೇರೆ ಬೇರೆಯಾಗಿ ನೋಡಿದರು.

ಅದೇ ಏಪ್ರಿಲ್ 17ರಂದು ಬಸವಕಲ್ಯಾಣದಲ್ಲೂ ಮತದಾನ ನಡೆಯಿತು. ಅಲ್ಲಿನ ಕಾಂಗ್ರೆಸ್ ಶಾಸಕ ಬಿ. ನಾರಾಯಣರಾವ್ ಕೋವಿಡ್‌ನಿಂದ ತೀರಿಕೊಂಡದ್ದು ಅಂಗಡಿಯವರ ಮರುದಿನ, ಸೆಪ್ಟೆಂಬರ್ 24ರಂದು. ಕಾಂಗ್ರೆಸ್ ಅವರ ಪತ್ನಿ ಮಾಲಾ ಅವರಿಗೆ ಟಿಕೆಟ್ ಕೊಟ್ಟಿತು. ಗೆದ್ದವರು ಬಿಜೆಪಿಯ ಶರಣು ಸಲಗರ. ಒಂದೇ ರೋಗ, ಒಂದೇ ವಾರದ ಸಾವು, ಒಂದೇ ದಿನದ ಮತದಾನ, ಇಬ್ಬರೂ ಪತ್ನಿಯರು. ಒಬ್ಬರು ಕೂದಲೆಳೆಯ ಅಂತರದಲ್ಲಿ ಗೆದ್ದರು, ಇನ್ನೊಬ್ಬರು ಸೋತರು. ಶಿರಾದಲ್ಲಿ ಸತ್ಯನಾರಾಯಣ ಅವರ ಪತ್ನಿ ಅಮ್ಮಾಜಮ್ಮ ಮೂರನೇ ಸ್ಥಾನಕ್ಕಿಳಿದರು. ಸಿಂದಗಿಯಲ್ಲಿ ಎಂ.ಸಿ. ಮನಗೂಳಿಯವರ ಮಗ ಅಶೋಕ ಮನಗೂಳಿ ಉಪಚುನಾವಣೆಯಲ್ಲಿ ಸೋತರು. ಗೆದ್ದವರೂ ಇದ್ದಾರೆ. 2017ರಲ್ಲಿ ಗುಂಡ್ಲುಪೇಟೆಯಿಂದ ಗೀತಾ ಮಹದೇವಪ್ರಸಾದ್, 2018ರಲ್ಲಿ ಜಮಖಂಡಿಯಿಂದ ಆನಂದ ನ್ಯಾಮಗೌಡ, 2019ರಲ್ಲಿ ಕುಂದಗೋಳದಿಂದ ಕುಸುಮಾ ಶಿವಳ್ಳಿ ಗೆದ್ದರು. ಕುಂದಗೋಳದ ಅಂತರ ಬರೀ 1,601 ಮತ. ಗೀತಾ ಅವರೂ ಕುಸುಮಾ ಅವರೂ ಮುಂದಿನ ಸಾರ್ವತ್ರಿಕ ಚುನಾವಣೆಯಲ್ಲಿ ಸೋತರು ಎಂಬುದನ್ನೂ ಗಮನಿಸಿ.

ಇಲ್ಲಿ ಒಂದು ಮಾತು ಸೇರಿಸಬೇಕು. 1952ರಿಂದ 2021ರವರೆಗೆ ಬೆಳಗಾವಿಯಿಂದ ಲೋಕಸಭೆಗೆ ಒಬ್ಬ ಮಹಿಳೆಯೂ ಹೋಗಿರಲಿಲ್ಲ. ಮೊದಲ ಮಹಿಳಾ ಸಂಸದರು ಆರಿಸಿಬರಲು ಗಂಡನ ಸಾವು ಬೇಕಾಯಿತು. 2024ರಲ್ಲಿ ಪಕ್ಷ ಅವರಿಗೆ ಮತ್ತೆ ಟಿಕೆಟ್ ಕೊಡಲಿಲ್ಲ. ಅಂಗಡಿ ಕುಟುಂಬದ ಬೀಗರಾದ ಜಗದೀಶ ಶೆಟ್ಟರ್ ನಿಂತು ಗೆದ್ದರು. ಇದು ಯಾವುದೋ ಒಂದು ಪಕ್ಷದ ತಪ್ಪಲ್ಲ. ಮೇಲೆ ಹೇಳಿದ ಹೆಸರುಗಳಲ್ಲಿ ಮೂರೂ ದೊಡ್ಡ ಪಕ್ಷಗಳವರಿದ್ದಾರೆ. ಹೆಣ್ಣುಮಕ್ಕಳು ಉಪಚುನಾವಣೆಯಲ್ಲಿ ಸ್ಥಾನ ಕಾಯುವವರಾಗಿ ನೆನಪಾಗುತ್ತಾರೆ, ಸಾರ್ವತ್ರಿಕ ಚುನಾವಣೆಯಲ್ಲಿ ನೆನಪಾಗುವುದಿಲ್ಲ. ಇದನ್ನು ಹೇಳುವಾಗ ನನಗೆ ಸಿಟ್ಟು ಬರುತ್ತದೆ, ಆ ಸಿಟ್ಟನ್ನು ಮುಚ್ಚಿಡುವ ಅಗತ್ಯ ಕಾಣುವುದಿಲ್ಲ.

ಬ್ರಿಟನ್‌ನಲ್ಲಿ ಇನ್ನೊಂದು ರೂಢಿ ನೋಡಿದ್ದೇವೆ. 2016ರ ಜೂನ್‌ನಲ್ಲಿ ಸಂಸದೆ ಜೋ ಕಾಕ್ಸ್ ಅವರ ಹತ್ಯೆಯಾಯಿತು. ಅಕ್ಟೋಬರ್‌ನಲ್ಲಿ ಅವರ ಕ್ಷೇತ್ರದಲ್ಲಿ ಉಪಚುನಾವಣೆ ನಡೆದಾಗ ಉಳಿದ ದೊಡ್ಡ ಪಕ್ಷಗಳು ಅಭ್ಯರ್ಥಿಯನ್ನೇ ಹಾಕಲಿಲ್ಲ. 2021ರಲ್ಲಿ ಡೇವಿಡ್ ಅಮೆಸ್ ಅವರ ಹತ್ಯೆಯ ನಂತರವೂ ಹಾಗೆಯೇ ಮಾಡಿದವು. ಹಿಂಸೆಯಿಂದ ಯಾರಿಗೂ ಸ್ಥಾನ ದಕ್ಕಬಾರದು ಎಂಬ ಆ ನಿಲುವು ಗೌರವಕ್ಕೆ ಅರ್ಹ. ಹತ್ಯೆಯ ಸಂದರ್ಭಕ್ಕೆ ಅದು ಸರಿ. ಕಾಯಿಲೆಯ ಸಾವಿಗೂ ಇದನ್ನೇ ತನ್ನಿ, ಕುಟುಂಬದವರು ನಿಂತರೆ ಅವಿರೋಧ ಮಾಡಿಬಿಡಿ ಎಂದು ನಮ್ಮಲ್ಲಿ ಆಗಾಗ ಕೇಳಿಬರುವ ಸಲಹೆಯನ್ನು ಮಾತ್ರ ನಾನು ಒಪ್ಪಲಾರೆ. ಅದರಿಂದ ಆರಿಸುವ ಹಕ್ಕು ಜನರ ಕೈಯಿಂದ ಪಕ್ಷಗಳ ನಡುವಿನ ಒಪ್ಪಂದಕ್ಕೆ ಹೋಗುತ್ತದೆ.

ಇನ್ನು ನನ್ನ ಮುಖ್ಯ ವಾದಕ್ಕೆ ಬರುತ್ತೇನೆ. 151ಎ ಸೆಕ್ಷನ್ನಿನ ಎರಡು ವಿನಾಯಿತಿಗಳು ನಡೆದುಬಂದ ಬಗೆಯನ್ನು ಎರಡು ವರ್ಷಗಳನ್ನು ಪಕ್ಕಪಕ್ಕ ಇಟ್ಟು ತೋರಿಸುತ್ತೇನೆ.

ಮೊದಲನೆಯದು 2018. ಆ ವರ್ಷದ ಮೇ 18 ಮತ್ತು 21ರಂದು ಶಿವಮೊಗ್ಗ, ಬಳ್ಳಾರಿ, ಮಂಡ್ಯ ಲೋಕಸಭಾ ಸ್ಥಾನಗಳು ರಾಜೀನಾಮೆಯಿಂದ ತೆರವಾದವು. ಹದಿನಾರನೇ ಲೋಕಸಭೆಯ ಅವಧಿ ಮುಗಿಯುವುದು 2019ರ ಜೂನ್ 3ರಂದು. ಅಂದರೆ ಒಂದು ವರ್ಷ ಮತ್ತು ಎರಡು ವಾರ ಬಾಕಿ. ನವೆಂಬರ್ 3ರಂದು ಉಪಚುನಾವಣೆ ನಡೆಯಿತು. ಆರೇಳು ತಿಂಗಳಿಗೋಸ್ಕರ ಈ ಖರ್ಚು ಯಾಕೆ ಎಂದು ಆಗ ಊರೆಲ್ಲ ಕೇಳಿತು. ಕಾನೂನು ಹೇಳಿದೆ, ಒಂದು ವರ್ಷಕ್ಕಿಂತ ಹೆಚ್ಚು ಅವಧಿ ಬಾಕಿ ಇದೆ, ನಡೆಸಲೇಬೇಕು ಎಂದು ಆಯೋಗ ವಿವರಿಸಿತು. ಅದು ಸರಿಯಾದ ಉತ್ತರ. ಅದೇ ಕಾಲದಲ್ಲಿ ಆಂಧ್ರದ ಐವರು ಸಂಸದರ ರಾಜೀನಾಮೆ ಅಂಗೀಕಾರವಾದದ್ದು ಜೂನ್‌ನಲ್ಲಿ. ಒಂದು ವರ್ಷಕ್ಕೆ ಕೆಲವೇ ದಿನ ಕಡಿಮೆಯಾದ್ದರಿಂದ ಅಲ್ಲಿ ಚುನಾವಣೆ ನಡೆಯಲಿಲ್ಲ. ನಮ್ಮ ಬೆಂಗಳೂರು ದಕ್ಷಿಣದಲ್ಲಿ ಅನಂತಕುಮಾರ್ 2018ರ ನವೆಂಬರ್ 12ರಂದು ತೀರಿಕೊಂಡಾಗಲೂ ಇದೇ ನಿಯಮ ಅನ್ವಯವಾಯಿತು, ಸಾರ್ವತ್ರಿಕ ಚುನಾವಣೆಯವರೆಗೆ ಸ್ಥಾನ ಖಾಲಿ ಉಳಿಯಿತು. ಗೆರೆ ಎಳೆದದ್ದು ಕಾನೂನು, ಆಯೋಗ ಅದನ್ನು ಅಕ್ಷರಶಃ ಪಾಲಿಸಿತು.

ಎರಡನೆಯದು 2023. ಪುಣೆಯ ಸಂಸದ ಗಿರೀಶ್ ಬಾಪಟ್ ಮಾರ್ಚ್ 29ರಂದು ತೀರಿಕೊಂಡರು. ಹದಿನೇಳನೇ ಲೋಕಸಭೆಯ ಅವಧಿ 2024ರ ಜೂನ್ 16ರವರೆಗೆ. ಹದಿನಾಲ್ಕು ತಿಂಗಳಿಗೂ ಹೆಚ್ಚು ಬಾಕಿ. ಚಂದ್ರಪುರದ ಸಂಸದ ಬಾಳು ಧಾನೋರ್ಕರ್ ಮೇ 30ರಂದು ತೀರಿಕೊಂಡರು. ಒಂದು ವರ್ಷದ ಮೇಲೆ ಎರಡು ವಾರಕ್ಕೂ ಹೆಚ್ಚು, ಅಂದರೆ 2018ರ ಶಿವಮೊಗ್ಗ, ಬಳ್ಳಾರಿ, ಮಂಡ್ಯದಷ್ಟೇ. ಎರಡೂ ಕಡೆ ಉಪಚುನಾವಣೆ ನಡೆಯಲಿಲ್ಲ. ಆಯೋಗ ಎರಡನೇ ವಿನಾಯಿತಿಯನ್ನು ಬಳಸಿತು. ಲೋಕಸಭಾ ಚುನಾವಣೆಯ ಸಿದ್ಧತೆಯಲ್ಲಿದ್ದೇವೆ, ಗೆದ್ದವರಿಗೆ ಸಿಗುವ ಅವಧಿಯೂ ಬಹಳ ಕಡಿಮೆ ಎಂಬುದು ಅದು ಕೊಟ್ಟ ಕಾರಣ. ಪುಣೆಯ ಮತದಾರರೊಬ್ಬರು ಬಾಂಬೆ ಹೈಕೋರ್ಟಿನ ಮೊರೆಹೋದರು. ಜನರನ್ನು ಪ್ರತಿನಿಧಿಯಿಲ್ಲದೆ ಬಿಡುವಂತಿಲ್ಲ, ಕೂಡಲೇ ಚುನಾವಣೆ ನಡೆಸಿ ಎಂದು ಹೈಕೋರ್ಟು ಡಿಸೆಂಬರ್ 13ರಂದು ಆದೇಶಿಸಿತು. ಹೊತ್ತು ಮೀರಿತ್ತು. 2024ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಆ ಆದೇಶಕ್ಕೆ ತಡೆ ಕೊಟ್ಟಿತು, ಪುಣೆಗೆ ಸಂಸದರು ಬಂದದ್ದು ಜೂನ್‌ನ ಸಾರ್ವತ್ರಿಕ ಫಲಿತಾಂಶದಲ್ಲೇ.

2018ರಲ್ಲಿ ಮಂಡ್ಯಕ್ಕೆ ಆರೇಳು ತಿಂಗಳ ಸಂಸದರು ಬೇಕೆಂದ ಆಯೋಗಕ್ಕೆ, 2023ರಲ್ಲಿ ಪುಣೆಗೆ ಬೇಡವೆನಿಸಿತು. ಕಾನೂನು ಬದಲಾಗಿರಲಿಲ್ಲ. ಚುನಾವಣೆಯ ಸಿದ್ಧತೆ ಎಂಬುದು ಪ್ರತಿ ಐದು ವರ್ಷಕ್ಕೊಮ್ಮೆ ಬರುವ, ಮೊದಲೇ ಗೊತ್ತಿರುವ ಕೆಲಸ. ಪ್ರವಾಹ, ಗಲಭೆ, ಸಾಂಕ್ರಾಮಿಕ ಇವು ಕಷ್ಟ ಎನ್ನಿಸಿಕೊಳ್ಳುತ್ತವೆ. ಆಯೋಗದ ದಿನನಿತ್ಯದ ಕೆಲಸವೇ ಕಷ್ಟದ ಪಟ್ಟಿಗೆ ಸೇರಿದರೆ ಆರು ತಿಂಗಳ ಗಡುವಿಗೆ ಬೆಲೆಯೇ ಉಳಿಯುವುದಿಲ್ಲ, ನಾವು 1980ರ ಅಮೇಠಿಗೆ ಹಿಂದಿರುಗಿದಂತೆ. ಅದಕ್ಕೇ ನಾನು ಕೇಳುವುದು ಇಷ್ಟು. ಕಷ್ಟವಿದೆ ಎಂಬ ಪ್ರಮಾಣಪತ್ರವನ್ನು ಕಾರಣಸಹಿತ ರಾಜ್ಯಪತ್ರದಲ್ಲಿ ಪ್ರಕಟಿಸಬೇಕು. ಎಷ್ಟು ಕಾಲ ಮುಂದೂಡುತ್ತೇವೆ ಎಂಬ ದಿನಾಂಕ ಅದರಲ್ಲಿ ಇರಬೇಕು. ಆ ದಿನಾಂಕ ಬಂದಾಗ ಮತ್ತೆ ಪರಿಶೀಲಿಸಬೇಕು. ಇವಕ್ಕೆ ಸಂವಿಧಾನ ತಿದ್ದುಪಡಿ ಬೇಕಿಲ್ಲ, 151ಎ ಸೆಕ್ಷನ್ನಿಗೆ ಎರಡು ಸಾಲು ಸೇರಿಸಿದರೆ ಸಾಕು.

ಒಂದು ವರ್ಷದ ಮೊದಲ ವಿನಾಯಿತಿಯನ್ನು ಆರು ತಿಂಗಳಿಗೆ ಇಳಿಸಬೇಕೆಂಬ ಆಸೆಯೂ ನನಗಿದೆ. ಅದಕ್ಕೆ ಖರ್ಚಿನ ಆಕ್ಷೇಪ ಗಟ್ಟಿಯಾಗಿಯೇ ಬರುತ್ತದೆ ಎಂದು ಗೊತ್ತಿರುವುದರಿಂದ ಇಲ್ಲಿ ಬೆಳೆಸುವುದಿಲ್ಲ.

ಸಭಿಕರ ಪ್ರಶ್ನೆಗಳು

ಎರಡನೇ ಸ್ಥಾನ ಪಡೆದವರನ್ನೇ ಸದಸ್ಯರೆಂದು ಘೋಷಿಸಿ, ಚುನಾವಣೆಯ ಖರ್ಚು ಉಳಿಸಬಾರದೇ ಎಂದು ಹಿರಿಯರೊಬ್ಬರು ಕೇಳಿದರು.

ಈ ಪ್ರಶ್ನೆ ಎಲ್ಲೆಡೆ ಬರುತ್ತದೆ, ಕೇಳುವವರ ಕಾಳಜಿಯೂ ಪ್ರಾಮಾಣಿಕ. ಆದರೆ ಬೆಳಗಾವಿಯನ್ನೇ ನೋಡಿ. 2019ರಲ್ಲಿ ಎರಡನೇ ಸ್ಥಾನದಲ್ಲಿದ್ದ ಅಭ್ಯರ್ಥಿಗೆ 3.7 ಲಕ್ಷ ಮತ ಬಂದಿದ್ದವು, ಗೆದ್ದವರಿಗೆ ಅದರ ಎರಡರಷ್ಟು. ಏಳೂವರೆ ಲಕ್ಷ ಜನ ಬೇಡವೆಂದವರನ್ನು ಅದೇ ಜನರ ಪ್ರತಿನಿಧಿಯಾಗಿ ಕೂರಿಸುವುದು ಹೇಗೆ? ಪಕ್ಷಗಳ ಪಟ್ಟಿಗೆ ಮತ ಹಾಕುವ ದೇಶಗಳಲ್ಲಿ, ಉದಾಹರಣೆಗೆ ನೆದರ್‌ಲೆಂಡ್ಸ್‌ನಲ್ಲಿ, ಸದಸ್ಯರು ತೀರಿಕೊಂಡರೆ ಅದೇ ಪಟ್ಟಿಯ ಮುಂದಿನವರು ಬರುತ್ತಾರೆ. ಅಲ್ಲಿ ಉಪಚುನಾವಣೆಯೇ ಇಲ್ಲ. ನಾವು ಮತ ಹಾಕುವುದು ಹೆಸರಿಗೆ, ಮತಯಂತ್ರದಲ್ಲಿ ಈಗ ಆ ಹೆಸರಿನ ಪಕ್ಕ ಭಾವಚಿತ್ರವೂ ಇರುತ್ತದೆ. ಆ ವ್ಯಕ್ತಿ ಇಲ್ಲವಾದ ಮೇಲೆ ಮತ್ತೆ ನಮ್ಮನ್ನು ಕೇಳುವುದೇ ಸರಿ. ಲೋಕಸಭಾ ಚುನಾವಣೆಯ ಆಡಳಿತ ವೆಚ್ಚವನ್ನು ಪೂರ್ತಿ ಕೇಂದ್ರವೇ ಭರಿಸುತ್ತದೆ, ಜಿಲ್ಲೆಯ ಅನುದಾನಕ್ಕೆ ಅದರಿಂದ ಕತ್ತರಿ ಬೀಳುವುದಿಲ್ಲ.

ಕಾಲೇಜು ವಿದ್ಯಾರ್ಥಿನಿಯೊಬ್ಬರ ಪ್ರಶ್ನೆ: ನಮ್ಮ ಕ್ಷೇತ್ರದಲ್ಲೇ ಹೀಗಾದರೆ ನಾವು ಏನು ಮಾಡಬಹುದು?

ತೆರವಾದ ದಿನಾಂಕ ಲೋಕಸಭಾ ಸಚಿವಾಲಯದ ಅಧಿಸೂಚನೆಯಲ್ಲಿರುತ್ತದೆ. ಅಲ್ಲಿಂದ ಆರು ತಿಂಗಳು ಎಣಿಸಿ. ನಾಲ್ಕನೇ ತಿಂಗಳು ಮುಗಿಯುವ ಹೊತ್ತಿಗೂ ವೇಳಾಪಟ್ಟಿ ಬರದಿದ್ದರೆ, 151ಎ ಅಡಿ ಪ್ರಮಾಣಪತ್ರ ಕೊಡಲಾಗಿದೆಯೇ, ಕೊಟ್ಟಿದ್ದರೆ ಅದರ ಪ್ರತಿ ಕೊಡಿ ಎಂದು ಮಾಹಿತಿ ಹಕ್ಕಿನಡಿ ಚುನಾವಣಾ ಆಯೋಗಕ್ಕೂ ಕೇಂದ್ರ ಕಾನೂನು ಸಚಿವಾಲಯಕ್ಕೂ ಅರ್ಜಿ ಹಾಕಿ. ಉತ್ತರಕ್ಕೆ ಮೂವತ್ತು ದಿನ ಬೇಕಾಗುತ್ತದೆ, ಆ ಲೆಕ್ಕವೂ ನಿಮ್ಮ ಮನಸ್ಸಿನಲ್ಲಿರಲಿ. ನ್ಯಾಯಾಲಯಕ್ಕೆ ಹೋಗುವುದಿದ್ದರೆ ಗಡುವು ಮುಗಿಯುವ ಮೊದಲೇ ಹೋಗಿ. ಪುಣೆಯಲ್ಲಿ ಹೈಕೋರ್ಟಿನ ಆದೇಶ ಬರುವಷ್ಟರಲ್ಲಿ ಸ್ಥಾನ ತೆರವಾಗಿ ಎಂಟೂವರೆ ತಿಂಗಳು ಕಳೆದಿತ್ತು.